ತಟ್ಟು

ಮೊದಲ ಮೂರು ತಿಂಗಳು ಬೀಳುವುದನ್ನಷ್ಟೇ ಕಲಿಸಿದರು.
ಗದ್ದ ಎದೆಗೆ, ಅಂಗೈ ನೆಲಕ್ಕೆ,
ಪಟ್ ಅಂತ ಸದ್ದು ಬರಬೇಕು,
ಬೆನ್ನಿಗೆ ಬೀಳುವ ಪೆಟ್ಟಿನಲ್ಲಿ ಕೈ ತನ್ನ ಪಾಲು ತಗೊಳ್ಳಬೇಕು.
ಭದ್ರಾವತಿಯಲ್ಲಿ ಬೀಗ ಬಿದ್ದ ಕಾರ್ಖಾನೆ ಶಾಲೆಯ ಊಟದ ಹಾಲ್,
ಲಾರಿ ಟಾರ್ಪಾಲಿನೊಳಗೆ ಭತ್ತದ ಹೊಟ್ಟು ತುಂಬಿದ ಮ್ಯಾಟು.
ಡಿಸೆಂಬರಿನಲ್ಲಿ ಹೊಟ್ಟು ಹೆಪ್ಪುಗಟ್ಟಿದರೆ
ಫಯಾಜ್ ಸಾರ್ ದೊಣ್ಣೆಯಲ್ಲಿ ಬಡಿದು ಮೆತ್ತಗೆ ಮಾಡುವರು.

ಆಮೇಲೆ ಹೇಳಿದರು: ತಾಳಲಾಗದಿದ್ದರೆ ತಟ್ಟು.
ಎರಡು ಸಲ. ನೆಲದ ಮೇಲೋ, ಎದುರಾಳಿಯ ಮೈಮೇಲೋ.
ತಟ್ಟಿದ ಕ್ಷಣ ಬಿಡಬೇಕು, ಇದು ಧರ್ಮ.
ತಟ್ಟದಿದ್ದವರ ಧರ್ಮ ಯಾವುದೆಂದು
ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ತಮಿಳರಸಿ ನನ್ನ ಜೋಡಿ. ಇಬ್ಬರೂ ನಲವತ್ತೆಂಟು ಕೆಜಿ.
ಅಪ್ಪ ಕುಲುಮೆಯಲ್ಲಿ ಗುತ್ತಿಗೆ ಕೂಲಿ, ಅವನದೇ ಭುಜ ಅವಳಿಗೆ.
ಎಲ್ಲರಿಗೂ ಅವಳು ಅರಸಿ.
ಇದ್ದದ್ದು ಒಂದೇ ಸುರುಳಿ ಟೇಪು, ಹಲ್ಲಲ್ಲಿ ಹರಿದು
ನನ್ನ ಬೆರಳಿಗೆ ಸುತ್ತಿ ಮಿಕ್ಕಿದ್ದನ್ನು ತನ್ನ ಬೆರಳಿಗೆ.
ಆಯ್ಕೆಯ ವಾರ ಮಳೆಕೋಟು ತೊಟ್ಟು ಬಿಸಿಲಲ್ಲಿ ಓಡಿದೆವು,
ಹುಣಸೆಹಣ್ಣನ್ನು ನೆನೆದು ನೆನೆದು ಉಗುಳಿ
ತೂಕದ ಯಂತ್ರಕ್ಕೆ ಇನ್ನೂರು ಗ್ರಾಂ ಲಂಚ ಕೊಟ್ಟೆವು.
ಆ ರಾತ್ರಿ ಅಂದಳು, ಬಲ ಮೊಣಕೈ ಯಾಕೋ ಸರಿಯಿಲ್ಲ ಕಣೇ,
ಸಾರ್‌ಗೆ ಹೇಳಬೇಡ.
ಹೇಳಲಿಲ್ಲ.

ಶಿವಮೊಗ್ಗದ ಒಳಾಂಗಣ. ಒಂದೇ ಸೀಟು, ಕೊನೆಗೆ ನಾವಿಬ್ಬರೇ.
ಎರಡನೇ ನಿಮಿಷಕ್ಕೆ ಸಿಕ್ಕಿತು ಆ ಕೈ.
ಸಿಕ್ಕಿತೋ, ನಾನೇ ಹುಡುಕಿದೆನೋ,
ಈ ಒಂದು ಸಾಲಿನ ಮುಂದೆ ಹನ್ನೊಂದು ವರ್ಷದಿಂದ ಕೂತಿದ್ದೇನೆ.
ಕಾಲೆರಡನ್ನೂ ಅವಳ ಎದೆಗೆ ಅಡ್ಡ ಹಾಕಿ, ಮಣಿಕಟ್ಟು ಹಿಡಿದು
ಹಿಂದಕ್ಕೆ ಒರಗಿದೆ.
ತಟ್ಟು ಅರಸಿ, ತಟ್ಟೇ.
ಅವಳ ಎಡ ಅಂಗೈ ನನ್ನ ಮೀನಖಂಡದ ಮೇಲಿತ್ತು,
ಬೆಚ್ಚಗೆ.
ಸುಮ್ಮನೆ ಇತ್ತು.

ಸದ್ದು ದೊಡ್ಡದೇನಲ್ಲ.
ಕಬ್ಬಿನ ಗಿಣ್ಣು ಮುರಿದಷ್ಟು.

ರೆಫ್ರಿ ನನ್ನ ಕಡೆ ಕೈ ಎತ್ತಿದರು. ಗ್ಯಾಲರಿ ಚಪ್ಪಾಳೆ ತಟ್ಟಿತು.
ಸಾರ್ ಬೆನ್ನು ತಟ್ಟಿದರು, ತಟ್ಟುತ್ತಲೇ
ಅವಳ ಕಡೆ ಓಡಿದರು.

ಮೆಗ್ಗಾನಿನ ಪ್ಲಾಸ್ಟರನ್ನು ಹತ್ತೇ ದಿನಕ್ಕೆ ಒಡೆಸಿ
ಅವಳಪ್ಪ ನಾಟಿ ಕಟ್ಟು ಹಾಕಿಸಿದ:
ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ, ಬಿದಿರ ದಬ್ಬೆ.
ಕೈ ಅರ್ಧ ಚಾಚಿದಲ್ಲಿಗೆ ನಿಂತುಬಿಟ್ಟಿತು,
ಏನೋ ಕೊಡಲು ಬಂದು ಮರೆತವರ ಹಾಗೆ.
ನೋಡಲು ಹೋದರೆ ಅವಳಮ್ಮ ಶಾಪ ಹಾಕಲಿಲ್ಲ, ಕಾಫಿ ಕೊಟ್ಟಳು.
ಹಾಕಿದ್ದರೆ ತಟ್ಟುತ್ತಿತ್ತು.
ತಟ್ಟಿ ಮುಗಿಯುತ್ತಿತ್ತು.

ರಾಜ್ಯಕ್ಕೆ ಹೋದೆ. ಮೊದಲ ಸುತ್ತಲ್ಲೇ, ನಲವತ್ತು ಸೆಕೆಂಡಿಗೆ, ಮುಗಿಯಿತು.
ಮುಂದಿನ ವರ್ಷ ಮಂಡಿಯ ಲಿಗಮೆಂಟು.
ಈಗ ಸಾಗರದ ಹಾಸ್ಟೆಲಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ,
ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತೇನೆ.
ಬೀಳುವುದಕ್ಕೂ ಮೊದಲು ತಟ್ಟುವುದನ್ನು ಹೇಳಿಕೊಡುತ್ತೇನೆ.
ಯಾವಳೋ ಪುಟ್ಟಿ ಟೇಪು ಮುಚ್ಚಿಕೊಂಡು ನಕ್ಕರೆ
ತೋರಿಸು ಎಂದು ಗದರುತ್ತೇನೆ, ಮಕ್ಕಳು ಹೆದರುವಷ್ಟು.
ಮೊನ್ನೆ ಒಬ್ಬಳು ಕೇಳಿದಳು: ಅವರು ತಟ್ಟದಿದ್ದರೆ, ಮಿಸ್?
ಬಿಡು, ಅಂದೆ.
ಸೋತರೆ?
ಬಿಡು ಅಂದೆನಲ್ಲ.

ಊರಿಗೆ ಹೋದಾಗ ಕ್ವಾರ್ಟರ್ಸ್ ಗೇಟಿನ ಹತ್ತಿರ
ಅವಳ ತಳ್ಳುಗಾಡಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತೇನೆ.
ಬಾಳೆಲೆಯ ಮೇಲೆ ಎಡಗೈಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಾಳೆ,
ಬಾಗಿದ ಬಲಗೈ ಎಲೆಯ ಅಂಚು ಹಿಡಿದಿರುತ್ತದೆ.
ಪಟ ಪಟ ಪಟ.
ನನ್ನ ಮೀನಖಂಡ ಎಣಿಸುತ್ತದೆ.
ತಲೆಯೆತ್ತದೆ ಕೇಳುತ್ತಾಳೆ,
ಎಷ್ಟು?

ಎರಡು, ಅನ್ನುತ್ತೇನೆ.